ಓದುಗರ ಪ್ರಶ್ನೆ: ಹಳ್ಳದಂಚಿನ ಅಪ್ಪೆಮರ ಉಳಿಸುವ ಬಗೆ

ಪ್ರಶ್ನೆ: ನಮ್ಮ ತೋಟದ ಕೆಳಗೆ, ಅಘನಾಶಿನಿ ನದಿಗೆ ಸೇರುವ ಹಳ್ಳದ ದಂಡೆಯಲ್ಲಿ ಒಂದೇ ಒಂದು ಜೀರಿಗೆ ಅಪ್ಪೆಮರ (ಜೀರಿಗೆ ಪರಿಮಳದ, ಉಪ್ಪಿನಕಾಯಿ ಮಿಡಿಯ ಮಾವು) ಇದೆ. ಮಿಡಿ ಕೊಯ್ಯುವವರು ವರ್ಷವೂ ಟೊಂಗೆ ಕಡಿಯುತ್ತಾರೆ. ಎರಡು ವರ್ಷದಿಂದ ಫಸಲಿಲ್ಲ. ಮರ ಸಾಯುವ ಮೊದಲು ಸಸಿ ಮಾಡಿಕೊಳ್ಳುವುದು ಹೇಗೆ?
— ಓದುಗರು, ಸಿದ್ದಾಪುರ ತಾಲೂಕು

ಉತ್ತರ: ಮಾವು ಹೂ ಬಿಡುವುದು ಬಲಿತ ಚಿಗುರಿನ ತುದಿಯಲ್ಲಿ. ತೋಳುಗಾತ್ರದ ಟೊಂಗೆ ಕಡಿದರೆ ಅಂಥ ನೂರಾರು ತುದಿಗಳು ಒಮ್ಮೆಗೇ ಹೋಗುತ್ತವೆ. ಗಾಯ ಮಳೆಗಾಲದಲ್ಲಿ ಕೊಳೆತು ಕಾಂಡಕೊರಕಕ್ಕೆ ದಾರಿಯಾಗುತ್ತದೆ. ಹೂವಿನ ಕಾಲದ ಮೋಡ, ಜಿಗಿಹುಳು, ಬೂದಿರೋಗದಿಂದಲೂ ಫಸಲು ತಪ್ಪುತ್ತದೆ, ನಿಜ. ಆದರೆ ನೀವು ಮೊದಲು ನಿಲ್ಲಿಸಬೇಕಾದದ್ದು ಕತ್ತಿಯನ್ನು. ಬಲೆ ಕಟ್ಟಿದ ದೋಟಿಯಿಂದ ತೊಟ್ಟುಸಹಿತ ಕೊಯ್ಸಿ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಲ್ಲಿ ಮೆತ್ತಗಾಗುತ್ತದೆ, ತೊಟ್ಟು ಮುರಿದರೆ ಪರಿಮಳದ ಸೊನೆ ಸೋರಿಹೋಗುತ್ತದೆ. ಹಾಗಾಗಿ ಕೊಯ್ಯುವವರಿಗೂ ಇದರಿಂದ ಲಾಭವೇ.

ಗೊರಟಿನಿಂದ ಎದ್ದ ಸಸಿ ತಾಯಿಮರದ ಪರಿಮಳವನ್ನೇ ಕೊಡುತ್ತದೆಂಬ ಭರವಸೆಯಿಲ್ಲ. ಕಸಿಯೇ ಆಗಬೇಕು. ಕಸಿ ಕಟ್ಟುವ ಬುಡಸಸಿಗಾಗಿ ಈ ಬೇಸಿಗೆ ಕಾಟುಮಾವಿನ ತಾಜಾ ಗೊರಟು ಬಿತ್ತಿ. ಒಣಗಿಸಿಟ್ಟರೆ ವಾರಗಳಲ್ಲೇ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಸಸಿ ಬೆಳೆದ ಮೇಲೆ, ಮುಂದಿನ ವರ್ಷದ ಜೂನ್‌ನಿಂದ ಆಗಸ್ಟ್ ಕಸಿಗೆ ಒಳ್ಳೆಯ ಕಾಲ. ತಾಯಿಮರದಲ್ಲಿ 3–4 ತಿಂಗಳು ಬಲಿತ, ಪೆನ್ಸಿಲ್ ದಪ್ಪದ ಕಡ್ಡಿ ಗುರುತಿಸಿ, ತೊಟ್ಟು ಬಿಟ್ಟು ಎಲೆ ಸವರಿ. 8–10 ದಿನಕ್ಕೆ ತೊಟ್ಟು ಮುಟ್ಟಿದರೆ ಉದುರುತ್ತದೆ, ತುದಿಮೊಗ್ಗು ಉಬ್ಬಿರುತ್ತದೆ. ಆಗ 10–15 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಂದೇ ಕಸಿ ಕಟ್ಟಿ.

ಬುಡಸಸಿಯ ತಾಮ್ರಬಣ್ಣದ ಎಳೆ ಚಿಗುರನ್ನು ಅಡ್ಡ ಕತ್ತರಿಸಿ ನಡುವೆ 4 ಸೆಂ.ಮೀ. ಸೀಳಿ. ಕಡ್ಡಿಯ ಬುಡವನ್ನು ಎರಡೂ ಬದಿ ಅಷ್ಟೇ ಉದ್ದ ಬೆಣೆಯಂತೆ ಹೆರೆದು ಕೂರಿಸಿ. ಎರಡರ ದಪ್ಪ ಸರಿಹೊಂದದಿದ್ದರೆ ಒಂದು ಬದಿಯಲ್ಲಾದರೂ ಸಿಪ್ಪೆಗೆ ಸಿಪ್ಪೆ ತಾಗಲೇಬೇಕು; ಕಸಿ ಹಿಡಿಯುವುದು ಅಲ್ಲೇ. ಪ್ಲಾಸ್ಟಿಕ್ ಪಟ್ಟಿ ಬಿಗಿದು, ಮೇಲೆ ಐಸ್‌ಕ್ಯಾಂಡಿ ಕವರ್ ಹಾಕಿ ನೆರಳಲ್ಲಿಡಿ. ಸುಮಾರು 3 ವಾರಕ್ಕೆ ಚಿಗುರುತ್ತದೆ, ಆಗ ಕವರ್ ತೆಗೆಯಿರಿ. ಪಟ್ಟಿ ಬಿಚ್ಚಲು 2–3 ತಿಂಗಳು ಕಾಯಿರಿ. ಸೀಳಿನೊಳಗೆ ಮಳೆನೀರು ಇಳಿದರೆ ಕೊಳೆಯುತ್ತದೆ; ಚೂರಿ ಮೊಂಡಾಗಿದ್ದರೆ ಸಿಪ್ಪೆ ಜಜ್ಜಿಹೋಗುತ್ತದೆ.

ಮುದಿ ಮರದ ಕಡ್ಡಿ ಬಹಳ ಸಣ್ಣವಾಗಿರಬಹುದು. ಆಗ ಮೊಳೆತು 10–15 ದಿನವಾದ ಸಸಿಗೆ, ಗೊರಟು ಕಳಚದೆ, ಇದೇ ರೀತಿ ಕಟ್ಟಿ. ಕನಿಷ್ಠ 20 ಕಡ್ಡಿಯಾದರೂ ಕಟ್ಟಿ, ಹಿಡಿದವನ್ನು ಎರಡು-ಮೂರು ಮನೆಗಳಿಗೆ ಹಂಚಿಬಿಡಿ. ಒಂದೇ ತೋಟದಲ್ಲಿದ್ದರೆ ಒಂದು ಗಾಳಿಮಳೆ ಸಾಕು.

ಪ್ರಶ್ನೆ: ನಮ್ಮ ಅಪ್ಪೆಮರಕ್ಕೆ ಬಂದಳಿಕೆ ಹತ್ತಿದೆ. ಕಿತ್ತರೂ ಮತ್ತೆ ಬರುತ್ತದೆ. ದಂಡೆಯೂ ಕುಸಿಯುತ್ತಿದೆ.
— ಓದುಗರು, ಶಿರಸಿ

ಉತ್ತರ: ಬಂದಳಿಕೆಯ ಬೇರು ಟೊಂಗೆಯೊಳಗೇ ಇರುತ್ತದೆ. ಹತ್ತಿದ ಜಾಗದಿಂದ ಒಂದಡಿ ಕೆಳಗೆ, ಅದರ ಹಣ್ಣು ಮಾಗುವ ಮೊದಲೇ ಟೊಂಗೆ ಕತ್ತರಿಸಿ. ಹಣ್ಣಾದರೆ ಹಕ್ಕಿಗಳು ಅಂಟುಬೀಜವನ್ನು ಬೇರೆ ಟೊಂಗೆಗೂ ಒಯ್ಯುತ್ತವೆ. ಕತ್ತರಿಸಿದ ಜಾಗಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಹಚ್ಚಿ.

ದಂಡೆಯ ಮಣ್ಣು, ದರಕು (ಉದುರಿದ ಒಣ ಎಲೆ) ಕೆರೆಯುವುದನ್ನು ಬಿಡಿ. ನೀರಿನಂಚಿಗೆ ವಾಟೆ ಬಿದಿರು, ಕೇದಿಗೆ ನೆಡಿ. ಕೆಲವು ಗೊಂಚಲನ್ನು ಹಣ್ಣಾಗಲು ಬಿಡಿ: ಮಿಡಿಯನ್ನೆಲ್ಲ ಕೊಯ್ದರೆ ಗೊರಟು ಬೀಳುವುದಿಲ್ಲ, ಆ ಹಳ್ಳದಲ್ಲಿ ಮುಂದೆ ಹೊಸ ಅಪ್ಪೆಮರ ಏಳುವುದಿಲ್ಲ.