ನಾನ್‌ಲೀನಿಯರ್ ಸಮೀಕರಣಕ್ಕೆ ಎಕ್ಸಾಕ್ಟ್ ಉತ್ತರ ಹುಡುಕುವುದು ಬರೀ ಊಹೆಯಾ?

ನಿಮ್ಮ ಪ್ರಶ್ನೆ ಇಷ್ಟು: ಎಂ.ಎಸ್ಸಿ. ಪ್ರಾಜೆಕ್ಟ್‌ನಲ್ಲಿ ಡ್ಯಾಂಪಿಂಗ್ (ಓಲಾಟವನ್ನು ಕುಗ್ಗಿಸುವ ತಡೆ) ಇರುವ ಡಫಿಂಗ್ ಸಮೀಕರಣ, ಅಂದರೆ ಒಂದು ಬಗೆಯ ಸ್ಪ್ರಿಂಗಿನ ಓಲಾಟದ ಸಮೀಕರಣ, ಸಿಕ್ಕಿದೆ. ಪುಸ್ತಕದಲ್ಲಿ ಎಲ್ಲರೂ "ಹೀಗೆ ಇಟ್ಟುಕೊಳ್ಳೋಣ" ಅಂತ ಎಲ್ಲಿಂದಲೋ ಒಂದು ರೂಪ ತರುತ್ತಾರೆ, ನಾಲ್ಕು ಸಾಲಿನಲ್ಲಿ ಉತ್ತರ ಬಂದುಬಿಡುತ್ತದೆ. ಆ ರೂಪ ಅವರಿಗೆ ಹೊಳೆದದ್ದು ಹೇಗೆ? ಎಲ್ಲಕ್ಕೂ ನಡೆಯುವ ಒಂದು ವಿಧಾನ ಇದೆಯಾ, ಇಲ್ಲ ಎಲ್ಲವೂ ಊಹೆಯಾ?

ಎಲ್ಲಕ್ಕೂ ನಡೆಯುವ ವಿಧಾನ ಇಲ್ಲ. ಆದರೆ ಬರೀ ಊಹೆಯೂ ಅಲ್ಲ. ನಾನು ಕೆಲವು ವರ್ಷ ಇದೇ ಕೆಲಸ ಮಾಡಿದವನು, ಈಗ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನಗೆ ಕಂಡದ್ದು ಹೇಳುತ್ತೇನೆ. ಉತ್ತರ ಸಿಗುವ ನಾನ್‌ಲೀನಿಯರ್ ಸಮೀಕರಣಗಳಲ್ಲಿ (ಹುಡುಕುತ್ತಿರುವ ಫಂಕ್ಷನ್ನಿನ ವರ್ಗ, ಘನದಂಥ ಪದ ಇರುವವು) ಬಹಳಷ್ಟು ವೇಷ ಹಾಕಿಕೊಂಡು ಬಂದಿರುತ್ತವೆ. ಒಳಗೆ ಅಂಥ ಪದಗಳಿಲ್ಲದ ಒಂದು ಲೀನಿಯರ್ ಸಮೀಕರಣವೋ, ಎನರ್ಜಿಯಂಥ ಬದಲಾಗದ ಮೊತ್ತವೋ ಕೂತಿರುತ್ತದೆ. ನಮ್ಮ ಕೆಲಸ ಬಣ್ಣ ಕಳಚುವುದು. ಒಳಗೆ ಏನೂ ಇಲ್ಲದಿದ್ದರೆ ಎಷ್ಟು ಉಜ್ಜಿದರೂ ಏನೂ ಸಿಗುವುದಿಲ್ಲ.

ಮೊಬೈಲಲ್ಲಿ ಬರೆಯುತ್ತಿದ್ದೇನೆ. ಹಾಗಾಗಿ ಸೂತ್ರಗಳನ್ನು ಬೋರ್ಡ್ ಮುಂದೆ ನಿಂತು ಬಾಯಲ್ಲಿ ಹೇಳುವ ಹಾಗೇ ಬರೆಯುತ್ತೇನೆ. ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇಟ್ಟುಕೊಳ್ಳಿ.

ಮಳೆಹನಿಯಿಂದ ಶುರು ಮಾಡೋಣ. ಬೀಳುವ ಹನಿಗೆ ಗಾಳಿಯ ತಡೆ ಇದೆ, ಅದು ವೇಗದ ವರ್ಗಕ್ಕೆ ತಕ್ಕಂತೆ ಜಾಸ್ತಿಯಾಗುತ್ತದೆ ಅಂತ ಇಟ್ಟುಕೊಳ್ಳಿ. ಎಮ್ ಹನಿಯ ದ್ರವ್ಯರಾಶಿ, ವಿ ವೇಗ, ಜಿ ಗುರುತ್ವ, ಕೆ ತಡೆಯ ಅಳತೆ; ′ ಗುರುತು ಅಂದರೆ ಒಮ್ಮೆ ಡಿಫರೆನ್ಷಿಯೇಟ್ ಮಾಡಿದ್ದು, ″ ಅಂದರೆ ಎರಡು ಸಲ.

ಎಮ್ ವಿ′ = ಎಮ್ ಜಿ − ಕೆ ವಿ²

ಇದನ್ನು ಬಿಡಿಸಲು ಸುಲಭ ದಾರಿಯೂ ಇದೆ, ಪಿಯುಸಿಯಲ್ಲೇ ಮಾಡಿರುತ್ತೀರಿ. ಬೇಕೆಂದೇ ಸುತ್ತುದಾರಿ ಹಿಡಿಯೋಣ. ಇಲ್ಲಿ ತೊಂದರೆ ಕೊಡುತ್ತಿರುವುದು ಯಾವುದು? ಆ ವಿ ವರ್ಗ. ಅದನ್ನು ಹೊಡೆದುಹಾಕಬೇಕು. ಡಿಫರೆನ್ಷಿಯೇಟ್ ಮಾಡಿದಾಗ ತನ್ನದೇ ವರ್ಗವನ್ನು ಹುಟ್ಟಿಸುವ ರೂಪ ಯಾವುದು? ಫೈ ಅನ್ನುವ ಒಂದು ಹೊಸ ಫಂಕ್ಷನ್ ತಂದುಕೊಳ್ಳಿ. ಫೈ′ ಭಾಗಿಸು ಫೈ. ಮಾಡಿ ನೋಡಿ: ಮೊದಲ ಪದ ಫೈ″ ಭಾಗಿಸು ಫೈ, ಎರಡನೆಯದು ಮೈನಸ್ ಚಿಹ್ನೆಯ ಜೊತೆ ಅದರದೇ ವರ್ಗ. ಈಗ ವಿ ಜಾಗದಲ್ಲಿ (ಎಮ್/ಕೆ) ಗುಣಿಸು (ಫೈ′/ಫೈ) ಹಾಕಿ. ಎರಡೂ ಕಡೆಯ ವರ್ಗಗಳು ಹೊಡೆದುಹೋಗಿ ಉಳಿಯುವುದು ಇಷ್ಟೇ:

ಫೈ″ = (ಜಿ ಕೆ/ಎಮ್) ಫೈ

ಪೂರ್ತಿ ಲೀನಿಯರ್! ಹನಿ ನಿಂತಲ್ಲಿಂದ ಬಿದ್ದರೆ ಫೈ ಅನ್ನುವುದು ಕಾಸ್ ಹೈಪರ್ಬಾಲಿಕ್, ವಿ ಅನ್ನುವುದು ಟ್ಯಾನ್ ಹೈಪರ್ಬಾಲಿಕ್. ವೇಗ ಏರುತ್ತಾ ಹೋಗಿ (ಎಮ್ ಜಿ/ಕೆ)ಯ ವರ್ಗಮೂಲದ ಹತ್ತಿರ ನಿಂತುಬಿಡುತ್ತದೆ. ರಿಕ್ಕಾಟಿ ಸಮೀಕರಣ ಅಂತ ಕರೆಯುವ ಇಡೀ ಕುಟುಂಬಕ್ಕೆ ಈ ಉಪಾಯ ನಡೆಯುತ್ತದೆ. "ಹೊಳೆದದ್ದು ಹೇಗೆ" ಅಂತ ಕೇಳಿದಿರಲ್ಲ, ಹೀಗೆ. ಯಾವ ಪದ ಕಾಟ ಕೊಡುತ್ತಿದೆ ನೋಡಿ, ಅದನ್ನೇ ಹುಟ್ಟಿಸಿ ಅದರಿಂದಲೇ ಕಳೆಯುವುದು.

ಇದು ಮಳೆಹನಿಯಲ್ಲೇ ಮುಗಿಯುವ ಉಪಾಯವಲ್ಲ. ಬರ್ಗರ್ಸ್ ಸಮೀಕರಣ ಕೇಳಿರುತ್ತೀರಿ, ಅಲೆ ಮುಂದೆ ಹೋಗುತ್ತಾ ಕಡಿದಾಗಿ ಗೋಡೆಯ ಹಾಗೆ ನಿಲ್ಲುತ್ತದಲ್ಲ, ಅದು. 1950ರಲ್ಲಿ ಹಾಪ್, 1951ರಲ್ಲಿ ಕೋಲ್ ಬೇರೆ ಬೇರೆಯಾಗಿ ಅಲ್ಲಿಯೂ ಇದೇ ಫೈ′ ಭಾಗಿಸು ಫೈ ಹಾಕಿ ತೋರಿಸಿದರು. ಒಳಗಿಂದ ಹೊರಬಂದದ್ದು ಬಿಸಿ ಹರಡುವ ಸಮೀಕರಣ, ಕಬ್ಬಿಣದ ಸರಳಿನ ಒಂದು ತುದಿ ಕಾಯಿಸಿದರೆ ಬರುವುದೇ.

ಈಗ ಎಲ್ಲರೂ ಹೇಳುವ ಕೆಡಿವಿ (ಕೋರ್ಟೆವೆಗ್-ಡಿ ವ್ರೀಸ್) ಸಮೀಕರಣಕ್ಕೆ, ಕಾಲುವೆ ನೀರಿನ ಅಲೆಯದ್ದಕ್ಕೆ, ಬರೋಣ. ಕಥೆ ಗೊತ್ತಿದ್ದರೂ ಇನ್ನೊಮ್ಮೆ ಓದಿ, ಲೆಕ್ಕ ಅದರೊಳಗೇ ಇದೆ. 1834ರ ಆಗಸ್ಟ್. ಎಡಿನ್‌ಬರೋ ಹತ್ತಿರ ಯೂನಿಯನ್ ಕಾಲುವೆ. ಎರಡು ಕುದುರೆಗಳು ಎಳೆಯುತ್ತಿದ್ದ ದೋಣಿಯನ್ನು ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್ ನೋಡುತ್ತಿದ್ದರು. ದೋಣಿ ಥಟ್ಟನೆ ನಿಂತಿತು. ಅದು ತಳ್ಳಿಕೊಂಡು ಬರುತ್ತಿದ್ದ ನೀರು ಮಾತ್ರ ನಿಲ್ಲಲಿಲ್ಲ. ಸುಮಾರು 30 ಅಡಿ ಉದ್ದದ, ಒಂದು ಒಂದೂವರೆ ಅಡಿ ಎತ್ತರದ ನುಣುಪಾದ ದಿಬ್ಬವಾಗಿ ಗಂಟೆಗೆ ಎಂಟೊಂಬತ್ತು ಮೈಲಿ ವೇಗದಲ್ಲಿ ಮುಂದೆ ಹೊರಟಿತು. ರಸೆಲ್ ಕುದುರೆ ಮೇಲೆ ಒಂದೆರಡು ಮೈಲಿ ಹಿಂದೆ ಹೋದರು. ಆಮೇಲೆ ಕಾಲುವೆಯ ತಿರುವುಗಳಲ್ಲಿ ಅದು ಕಣ್ಮರೆಯಾಯಿತು. ಆ ಕಾಲದ ದೊಡ್ಡ ಗಣಿತಜ್ಞರು ಇಂಥ ಅಲೆಯನ್ನು ಸುಲಭವಾಗಿ ಒಪ್ಪಲಿಲ್ಲ. 1895ರಲ್ಲಿ ಕೋರ್ಟೆವೆಗ್ ಮತ್ತು ಡಿ ವ್ರೀಸ್ ಬರೆದ ಸಮೀಕರಣದಲ್ಲಿ ಆ ದಿಬ್ಬ ಸರಿಯಾಗಿ ಕೂತಿತು.

ಸಮೀಕರಣ ಹೀಗೆ: ಯು ಅನ್ನು ಕಾಲದ ಮೇಲೆ ಒಮ್ಮೆ ಡಿಫರೆನ್ಷಿಯೇಟ್ ಮಾಡಿದ್ದು, ಕೂಡಿಸು 6 ಯು ಗುಣಿಸು ಎಕ್ಸ್ ಮೇಲಿನ ಮೊದಲ ಡೆರಿವೇಟಿವ್, ಕೂಡಿಸು ಎಕ್ಸ್ ಮೇಲಿನ ಮೂರನೇ ಡೆರಿವೇಟಿವ್, ಒಟ್ಟು ಸೊನ್ನೆ. ರಸೆಲ್ ಕಂಡದ್ದು ರೂಪ ಬದಲಿಸದೆ ಸಿ ವೇಗದಲ್ಲಿ ಓಡುವ ದಿಬ್ಬ ತಾನೇ? ಹಾಗಾದರೆ ಯು ಅನ್ನುವುದು ಎಕ್ಸ್ ಮೈನಸ್ ಸಿ ಟಿ ಎಂಬ ಒಂದೇ ಅಳತೆಯ ಮೇಲೆ ನಿಂತಿದೆ. ಅದನ್ನು ಎಫ್ ಅನ್ನಿ. ನಾವೂ ಕುದುರೆ ಹತ್ತಿ ಅಲೆಯ ಜೊತೆ ಓಡಿದ ಹಾಗೆ. ಒಮ್ಮೆ ಇಂಟಿಗ್ರೇಟ್ ಮಾಡಿ. ದೂರದಲ್ಲಿ ನೀರು ಸಮತಟ್ಟಾಗಿದೆ, ಅದಕ್ಕೆ ಕಾನ್‌ಸ್ಟಂಟ್ ಸೊನ್ನೆ. ಎಫ್′ ನಿಂದ ಗುಣಿಸಿ ಇನ್ನೊಮ್ಮೆ ಇಂಟಿಗ್ರೇಟ್ ಮಾಡಿ:

ಎಫ್′² = ಎಫ್² (ಸಿ − 2 ಎಫ್)

ಎಫ್′ ನಿಂದ ಗುಣಿಸುವುದು ಮಂತ್ರ ಅಲ್ಲ. ನ್ಯೂಟನ್ ಸಮೀಕರಣವನ್ನು ವೇಗದಿಂದ ಗುಣಿಸಿ ಎನರ್ಜಿ ಪಡೆಯುತ್ತೀರಲ್ಲ, ಅದೇ. ಬಲಗಡೆ ನೋಡಿದರೇ ಗೊತ್ತಾಗುತ್ತದೆ, ದಿಬ್ಬದ ತುದಿ ಎಫ್ = ಸಿ/2. ಎತ್ತರ ಜಾಸ್ತಿ ಇದ್ದಷ್ಟೂ ಓಟ ಜಾಸ್ತಿ. ಉಳಿದ ಇಂಟಿಗ್ರೇಷನ್ ಮಾಡಿದರೆ ಸೆಕ್ ಹೈಪರ್ಬಾಲಿಕ್ ವರ್ಗ ಬರುತ್ತದೆ. ಪುಸ್ತಕದಲ್ಲಿ ಆ ರೂಪವನ್ನೇ ಮೊದಲ ಸಾಲಿನಲ್ಲಿ ತಂದಿಟ್ಟರೆ ಮ್ಯಾಜಿಕ್ ಅನಿಸುತ್ತದೆ, ಅಷ್ಟೇ.

ಆದರೆ ಇದು ಒಂಟಿ ದಿಬ್ಬದ ಉತ್ತರ ಮಾತ್ರ. ಎರಡು ದಿಬ್ಬ ಡಿಕ್ಕಿ ಹೊಡೆದರೆ? ಕಂಪ್ಯೂಟರ್‌ನಲ್ಲಿ 1965ರಲ್ಲಿ ಜಾಬುಸ್ಕಿ ಮತ್ತು ಕ್ರುಸ್ಕಲ್ ನೋಡಿದಾಗ ಅವು ಒಂದರೊಳಗೊಂದು ಹಾದು, ಏನೂ ಆಗದವರಂತೆ ಹೊರಬಂದವು. ಸಾಲಿಟಾನ್ ಅನ್ನುವ ಹೆಸರು ಇಟ್ಟವರು ಅವರೇ. ನಾನ್‌ಲೀನಿಯರ್ ಅಲೆ ಇಷ್ಟು ಮರ್ಯಾದೆಯಿಂದ ನಡೆದುಕೊಂಡರೆ ಒಳಗೆ ಏನೋ ಇದೆ ಅಂತ ಅನುಮಾನ ಬರಬೇಕು. ಬಂತು. ಮಿಯುರಾ ಒಂದು ಸಂಬಂಧ ಕಂಡುಹಿಡಿದರು. ಚಿಹ್ನೆಗಳ ಗೊಡವೆ ಬಿಟ್ಟು ಹೇಳುವುದಾದರೆ, ಯು ಅನ್ನುವುದು ವಿ ವರ್ಗ ಕೂಡಿಸು ವಿ′. ಇದನ್ನು ಎಲ್ಲಿ ನೋಡಿದಿರಿ? ಮಳೆಹನಿಯಲ್ಲಿ! ಅದೇ ರಿಕ್ಕಾಟಿ. ಮತ್ತೆ ವಿ ಜಾಗದಲ್ಲಿ ಸೈ′ ಭಾಗಿಸು ಸೈ ಹಾಕಿ. ಬರುವುದು ಕ್ವಾಂಟಂ ಮೆಕ್ಯಾನಿಕ್ಸ್‌ನ ಶ್ರೋಡಿಂಗರ್ ಸಮೀಕರಣ, ಅದರಲ್ಲಿ ನೀರಿನ ಅಲೆಯೇ ಪೊಟೆನ್ಷಿಯಲ್, ಅಂದರೆ ಕಣ ಓಡಾಡುವ ಏರುತಗ್ಗು! ನನಗೆ ಮೊದಲ ಸಲ ಇದು ಅರ್ಥವಾದ ದಿನ ರಾತ್ರಿ ನಿದ್ದೆ ಬಂದಿರಲಿಲ್ಲ.

1967ರಲ್ಲಿ ಗಾರ್ಡ್‌ನರ್, ಗ್ರೀನ್, ಕ್ರುಸ್ಕಲ್, ಮಿಯುರಾ ನಾಲ್ವರೂ ಸೇರಿ ಪೂರ್ತಿ ದಾರಿ ಕಟ್ಟಿದರು. ಅಲೆ ಎಷ್ಟು ರೂಪ ಬದಲಿಸಿದರೂ ಆ ಶ್ರೋಡಿಂಗರ್ ಸಮೀಕರಣದ ಎನರ್ಜಿ ಮಟ್ಟಗಳು ಬದಲಾಗುವುದಿಲ್ಲ. ಒಂದೊಂದು ಬೌಂಡ್ ಸ್ಟೇಟ್‌ಗೆ (ಕಣ ತಗ್ಗಿನಲ್ಲಿ ಸಿಕ್ಕಿಕೊಂಡ ಸ್ಥಿತಿಗೆ) ಒಂದೊಂದು ಸಾಲಿಟಾನ್. ಶುರುವಿನಲ್ಲಿ 6 ಗುಣಿಸು ಸೆಕ್ ಹೈಪರ್ಬಾಲಿಕ್ ವರ್ಗದ ದಿಬ್ಬ ಇಟ್ಟು ಬಿಡಿ. ಅದರಲ್ಲಿ ಎರಡು ಬೌಂಡ್ ಸ್ಟೇಟ್ ಇವೆ. ಸ್ವಲ್ಪ ಹೊತ್ತಿಗೆ ಅದು ಒಡೆದು 8 ಎತ್ತರದ ಒಂದು, 2 ಎತ್ತರದ ಇನ್ನೊಂದು ದಿಬ್ಬವಾಗುತ್ತದೆ. ಲೆಕ್ಕ ಮೊದಲೇ ಹೇಳುತ್ತದೆ. ಕಂಪ್ಯೂಟರ್ ಓಡಿಸಬೇಕಾಗಿಯೇ ಇಲ್ಲ.

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಬೇಕು. ಪಿಎಚ್.ಡಿ. ಎರಡನೇ ವರ್ಷ. ಟ್ಯಾನ್ ಹೈಪರ್ಬಾಲಿಕ್ ವಿಧಾನ ಕಲಿತಿದ್ದೆ. ಉತ್ತರ ಟ್ಯಾನ್ ಹೈಪರ್ಬಾಲಿಕ್‌ನ ಒಂದು ಬಹುಪದ ಅಂತ ಇಟ್ಟುಕೊಳ್ಳುವುದು, ಉಳಿದದ್ದನ್ನು ಕಂಪ್ಯೂಟರ್‌ಗೆ ಕೊಡುವುದು. ಎರಡು ತಿಂಗಳಲ್ಲಿ ಒಂದೇ ಸಮೀಕರಣಕ್ಕೆ 14 "ಹೊಸ" ಉತ್ತರ ಸಿಕ್ಕವು. ಟೇಬಲ್ ಮಾಡಿ, ಹೆಮ್ಮೆಯಿಂದ ನಮ್ಮ ಮೇಷ್ಟ್ರ ಮುಂದೆ ಇಟ್ಟೆ. ಅವರು ಕೇಳಿದ್ದು ಒಂದೇ ಮಾತು: "ಗ್ರಾಫ್ ಹಾಕಿ ನೋಡಿದ್ಯೇನಪ್ಪಾ?" ಹಾಕಿದೆ. ಹನ್ನೊಂದು ಒಂದರ ಮೇಲೊಂದು ಕೂತವು. 2 ಭಾಗಿಸು (1 ಕೂಡಿಸು ಕಾಸ್ ಹೈಪರ್ಬಾಲಿಕ್ 2 ಎಕ್ಸ್) ಅನ್ನುವುದೂ, ಸೆಕ್ ಹೈಪರ್ಬಾಲಿಕ್ ಎಕ್ಸ್ ವರ್ಗ ಅನ್ನುವುದೂ ಒಂದೇ ಅಲ್ವಾ. ಉಳಿದ ಮೂರು ಒಂದು ಜಾಗದಲ್ಲಿ ಅನಂತಕ್ಕೆ ಹಾರುತ್ತಿದ್ದವು. ಯಾವ ಕಾಲುವೆಯ ನೀರೂ ಹಾಗೆ ಹಾರುವುದಿಲ್ಲ. ಇಂಥ ಟೇಬಲ್‌ಗಳು ಪ್ರಿಂಟಾಗಿ ಬಂದದ್ದನ್ನೂ ನೋಡಿದ್ದೇನೆ. ನೀವು ಯಾವುದನ್ನಾದರೂ ನಂಬುವ ಮೊದಲು ಉತ್ತರವನ್ನು ಸಮೀಕರಣಕ್ಕೆ ವಾಪಸ್ ಹಾಕಿ ನೋಡಿ, ಗ್ರಾಫ್ ಹಾಕಿ ನೋಡಿ. ಊಹೆ ಮಾಡುವುದರಲ್ಲಿ ನಾಚಿಕೆ ಇಲ್ಲ, ಪರೀಕ್ಷೆ ಮಾಡುವುದು ಅಗ್ಗ.

ಇನ್ನು ಒಳಗೆ ಏನಾದರೂ ಇದೆಯಾ ಇಲ್ಲವಾ ಅಂತ ಮೊದಲೇ ತಿಳಿಯುವುದು ಹೇಗೆ? ಇದಕ್ಕೆ ಒಂದು ಹಳೇ ಪರೀಕ್ಷೆ ಇದೆ. 1888ರಲ್ಲಿ ರಷ್ಯಾದ ಗಣಿತಜ್ಞೆ ಸೋಫಿಯಾ ಕೊವಲೆವ್‌ಸ್ಕಾಯಾ ತಿರುಗುವ ಬುಗುರಿಯ ಸಮೀಕರಣ ಹಿಡಿದರು. ಆಯ್ಲರ್ ಒಂದು ಬಗೆಯ ಬುಗುರಿಗೆ, ಲಗ್ರಾಂಜ್ ಇನ್ನೊಂದಕ್ಕೆ ಉತ್ತರ ಕೊಟ್ಟಿದ್ದರು. ಇವರು ಕಾಲವನ್ನು ಕಾಂಪ್ಲೆಕ್ಸ್ ಸಂಖ್ಯೆ ಅಂತ ಭಾವಿಸಿ, ಉತ್ತರ ಅನಂತಕ್ಕೆ ಹಾರುವ ಜಾಗಗಳಲ್ಲಿ ಅದು ಹೇಗಿರುತ್ತದೆ ಅಂತ ನೋಡಿದರು. ಅಲ್ಲಿ ಲಾಗ್‌ನಂಥ ಕೊಳಕು ಬರದೆ ಶುದ್ಧವಾದ ಪೋಲ್ (1 ಭಾಗಿಸು ಟಿ, 1 ಭಾಗಿಸು ಟಿ ವರ್ಗದ ಹಾಗೆ ಹಾರುವುದು) ಮಾತ್ರ ಇರಬೇಕು ಅಂತ ಷರತ್ತು ಹಾಕಿದರೆ ಆ ಎರಡು ಬುಗುರಿ ಬಂದವು, ಜೊತೆಗೆ ಯಾರೂ ಕಾಣದ ಮೂರನೆಯದೊಂದು. ಪ್ಯಾರಿಸ್‌ನ ಅಕಾಡೆಮಿ ಬಹುಮಾನವನ್ನು 3000 ಫ್ರಾಂಕ್‌ನಿಂದ 5000ಕ್ಕೆ ಏರಿಸಿ ಕೊಟ್ಟಿತು. ಈಗ ಇದನ್ನು ಪೆನ್ಲವೆ ಪರೀಕ್ಷೆ ಅನ್ನುತ್ತಾರೆ. ಪಾಸಾದರೆ ಉತ್ತರ ಸಿಕ್ಕೇ ಸಿಗುತ್ತದೆ ಅಂತಲ್ಲ, ಒಳ್ಳೆಯ ಸುಳಿವು ಅಷ್ಟೇ.

ಈಗ ನಿಮ್ಮ ಸಮೀಕರಣ. ಎಕ್ಸ್ ಅಂದರೆ ಸ್ಪ್ರಿಂಗ್ ಎಳೆದ ದೂರ, ಗಾಮಾ ಡ್ಯಾಂಪಿಂಗ್, ಆಲ್ಫಾ ಮತ್ತು ಬೀಟಾ ಸ್ಪ್ರಿಂಗಿನ ಬಲ.

ಎಕ್ಸ್″ + ಗಾಮಾ ಎಕ್ಸ್′ + ಆಲ್ಫಾ ಎಕ್ಸ್ + ಬೀಟಾ ಎಕ್ಸ್³ = 0

ಮೇಲಿನ ಪರೀಕ್ಷೆ ಹಾಕಿದರೆ ಎರಡೇ ಬಾಗಿಲು ತೆರೆಯುತ್ತವೆ. ಒಂದು, ಗಾಮಾ ಸೊನ್ನೆ. ಡ್ಯಾಂಪಿಂಗ್ ಇಲ್ಲ, ಎನರ್ಜಿ ಉಳಿಯುತ್ತದೆ, ಯಾಕೋಬಿಯ ಎಲಿಪ್ಟಿಕ್ ಫಂಕ್ಷನ್‌ನಲ್ಲಿ (ಸೈನ್‌ನ ಹಾಗೇ ಮರುಕಳಿಸುವ ಫಂಕ್ಷನ್) ಉತ್ತರ. ಎಲಿಪ್ಟಿಕ್ ಅಂದಕೂಡಲೇ "ಇದು ಎಕ್ಸಾಕ್ಟ್ ಹೇಗೆ" ಅಂತ ಕೇಳುವವರಿದ್ದಾರೆ. ಸೈನ್ ಕೂಡ ಒಂದು ಹೆಸರು ಮತ್ತು ಒಂದು ಟೇಬಲ್ ತಾನೇ, ನಮಗೆ ಅಭ್ಯಾಸ ಆಗಿದೆ ಅಷ್ಟೇ. ಲೋಲಕವನ್ನು 90 ಡಿಗ್ರಿ ಎತ್ತಿ ಬಿಟ್ಟರೆ ಒಂದು ಓಲಾಟದ ಕಾಲ ಶಾಲೆಯ ಸೂತ್ರಕ್ಕಿಂತ ಶೇ. 18ರಷ್ಟು ಜಾಸ್ತಿ ಅಂತ ಹೇಳುವುದೂ ಇದೇ ಎಲಿಪ್ಟಿಕ್ ಬಳಗ.

ಎರಡನೇ ಬಾಗಿಲು, ಆಲ್ಫಾ = 2 ಗಾಮಾ²/9. ಎಷ್ಟು ವಿಚಿತ್ರ ಸಂಖ್ಯೆ ನೋಡಿ! ನೀವೇ ತೆರೆದು ನೋಡಬಹುದು. ಕಾಲದ ಬದಲು ಎಸ್ ಎಂಬ ಹೊಸ ಗಡಿಯಾರ ಇಟ್ಟುಕೊಳ್ಳಿ, ಎಸ್ ಅಂದರೆ ಇ ಘಾತ (ಮೈನಸ್ ಗಾಮಾ ಟಿ/3). ಎಕ್ಸ್ ಜಾಗದಲ್ಲಿ ಎಸ್ ಗುಣಿಸು ವೈ ಹಾಕಿ, ವೈ ಅನ್ನುವುದು ಎಸ್‌ನ ಫಂಕ್ಷನ್. ವೈ′ ಇರುವ ಪದಗಳು ಹೊಡೆದುಹೋಗುತ್ತವೆ, ಆ 3 ಬಂದದ್ದು ಅದಕ್ಕೇ. ಬರೀ ವೈ ಇರುವ ಪದಗಳು ಹೊಡೆದುಹೋಗಲು ಆ 2/9 ಬೇಕು. ಉಳಿಯುವುದು:

(ಗಾಮಾ²/9) ವೈ″ + ಬೀಟಾ ವೈ³ = 0

ಡ್ಯಾಂಪಿಂಗ್ ಮಾಯ. ಇದಕ್ಕೆ ಎನರ್ಜಿ ಇದೆ, ಎಲಿಪ್ಟಿಕ್ ಉತ್ತರ ಇದೆ. ಬೀಟಾ ಪಾಸಿಟಿವ್ ಅಂತಿಟ್ಟುಕೊಂಡು ಒಂದು ತಮಾಷೆ ಗಮನಿಸಿ. ನಮ್ಮ ಕಾಲ ಅನಂತದವರೆಗೆ ಓಡಿದರೂ ಎಸ್ ಗಡಿಯಾರ 1ರಿಂದ 0ಗೆ ಇಳಿದು ಮುಗಿಯುತ್ತದೆ. ಅಷ್ಟರೊಳಗೆ ವೈ ಎಣಿಸಿದಷ್ಟು ಸಲ ಮಾತ್ರ ಓಲಾಡುತ್ತದೆ. ಸ್ಪ್ರಿಂಗನ್ನು ಜಾಸ್ತಿ ಎಳೆದು ಬಿಟ್ಟರೆ ಜಾಸ್ತಿ ಸಲ, ಕಡಿಮೆ ಎಳೆದರೆ ಒಂದು ಸಲವೂ ಇಲ್ಲ. ಆಮೇಲೆ ಸುಮ್ನೆ ನಿಧಾನವಾಗಿ ಮಲಗುತ್ತದೆ.

ನಿಮ್ಮ ಪ್ರಾಜೆಕ್ಟ್‌ನ ಸಂಖ್ಯೆಗಳು ಈ ಎರಡೂ ಬಾಗಿಲಿಗೆ ಹೊಂದದಿದ್ದರೆ ಹಟ ಬೇಡ. ಎಕ್ಸಾಕ್ಟ್ ಸಿಕ್ಕರೂ ಉಪಯೋಗಕ್ಕೆ ಬರುತ್ತದೆ ಅಂತಿಲ್ಲ. ಮೂರು ಕಾಯಗಳ ಸಮಸ್ಯೆಗೆ (ಒಂದನ್ನೊಂದು ಸೆಳೆಯುವ ಮೂರು ಆಕಾಶಕಾಯಗಳ ಚಲನೆ) 1912ರಲ್ಲಿ ಸುಂಡ್‌ಮನ್ ಕೂಡುತ್ತಾ ಹೋಗುವ ಸರಣಿಯೊಂದನ್ನು ಕೊಟ್ಟರು. ಗಣಿತದಲ್ಲಿ ಸರಿ. ಆದರೆ ಖಗೋಳದ ಲೆಕ್ಕಕ್ಕೆ ಬೇಕಾದ ಪದಗಳ ಸಂಖ್ಯೆ ಬರೆಯಲು 1ರ ಮುಂದೆ 80 ಲಕ್ಷ ಸೊನ್ನೆ ಹಾಕಬೇಕು. ಇದಕ್ಕೆ ತದ್ವಿರುದ್ಧ ಗುರುತ್ವಾಕರ್ಷಣೆಯ ಐನ್‌ಸ್ಟೈನ್ ಸಮೀಕರಣಗಳ ಕಥೆ. ಶ್ವಾರ್ಟ್ಸ್‌ಚೈಲ್ಡ್ "ಎಲ್ಲ ದಿಕ್ಕಿನಲ್ಲೂ ಒಂದೇ ಥರ ಇರಲಿ" ಅಂತ ಇಟ್ಟುಕೊಂಡು 1916ರಲ್ಲಿ ಪ್ರಕಟಿಸಿದ ಒಂದು ಉತ್ತರಕ್ಕೆ ಗೂಟಕ್ಕೆ ಕಟ್ಟಿದ ಹಾಗೆ ಎಷ್ಟೋ ಅಂದಾಜು ಲೆಕ್ಕಗಳನ್ನು ಕಟ್ಟಿದ್ದಾರೆ. ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ 1970ರಲ್ಲಿ, ಆ ಉತ್ತರ ವರ್ಣಿಸುವ ಕಪ್ಪು ಕುಳಿಯ ಮೇಲೆ ಅಲೆ ಎಸೆದರೆ ಅದು ಗಂಟೆಯ ಹಾಗೆ ಮೊಳಗಿ ತಣ್ಣಗಾಗುತ್ತದೆ ಅಂತ ತೋರಿಸಿದ್ದು ಕಂಪ್ಯೂಟರ್ ಲೆಕ್ಕದಿಂದ, ಆದರೆ ನಿಂತ ನೆಲ ಆ ಎಕ್ಸಾಕ್ಟ್ ಉತ್ತರ.

ನೀವೂ ಹಾಗೇ ಮಾಡಿ. ಮೊದಲು ನಿಮ್ಮ ಪ್ರೋಗ್ರಾಂನಲ್ಲಿ ಗಾಮಾ 3, ಆಲ್ಫಾ 2, ಬೀಟಾ 1 ಹಾಕಿ ಓಡಿಸಿ. 2/9ರ ಷರತ್ತು ಸರಿಹೋಗುತ್ತದೆ, ಎಸ್ ಅನ್ನುವುದು ಬರೀ ಇ ಘಾತ ಮೈನಸ್ ಟಿ ಆಗುತ್ತದೆ. ಎಲಿಪ್ಟಿಕ್ ಉತ್ತರದ ಜೊತೆ ಹೋಲಿಸಿ. ಐದಾರು ದಶಾಂಶದವರೆಗೆ ಹೊಂದಿದರೆ ನಿಮ್ಮ ಪ್ರೋಗ್ರಾಂ ಸರಿಯಿದೆ. ಆಮೇಲೆ ಪ್ರಾಜೆಕ್ಟ್‌ನ ನಿಜವಾದ ಸಂಖ್ಯೆಗಳನ್ನು ಹಾಕಿ.