ಹಿಂಗೋಡೆಯ ಶೀತ ಹೀರಲು ಯಾವ ಗಿಡ ನೆಡಬೇಕು?

ಮಡಿಕೇರಿಯ ಬಳಿ ಬರೆ (ಗುಡ್ಡದ ಕಡಿದಾದ ಮಣ್ಣಿನ ಇಳಿಜಾರು) ಕಡಿದು ಕಟ್ಟಿದ ನಿಮ್ಮ ಮನೆಯ ಹಿಂಗೋಡೆ ಪ್ರತಿ ಮಳೆಗಾಲದಲ್ಲೂ ಎರಡು ಅಡಿಯವರೆಗೆ ಒದ್ದೆಯಾಗುತ್ತದೆ, ನೀರು ಹೀರುವ ಗಿಡ ಯಾವುದು ಎಂದು ಕೇಳಿದ್ದೀರಿ. ದಯವಿಟ್ಟು ಗಿಡದಿಂದ ಆರಂಭಿಸಬೇಡಿ. ಬೇರು ಹೀರಿದ ನೀರು ಎಲೆಯಿಂದ ಆವಿಯಾಗಿ ಹೋಗಬೇಕು. ಹಗ್ಗದ ಮೇಲಿನ ಬಟ್ಟೆಯೇ ವಾರಗಟ್ಟಲೆ ಒಣಗದ ನಮ್ಮ ಜುಲೈ ತಿಂಗಳಲ್ಲಿ ಆ ಕೆಲಸ ಬಹುಮಟ್ಟಿಗೆ ನಿಂತೇ ಇರುತ್ತದೆ.

ನಾನೂ ಒಮ್ಮೆ ಹಿಂಗೋಡೆಗೆ ಒತ್ತಿ ಒಂದೂವರೆ ಅಡಿ ಮಣ್ಣು ಏರಿಸಿ ಹೈಡ್ರೇಂಜಿಯ ನೆಟ್ಟಿದ್ದೆ. ಹೂವೇನೋ ಸೊಗಸಾಗಿ ಬಂತು. ಒಳಗೆ ಮಾತ್ರ ಸುಣ್ಣ ಹಪ್ಪಳದಂತೆ ಎದ್ದು ಉದುರಿತು, ಕಪಾಟಿನಲ್ಲಿದ್ದ ಚರ್ಮದ ಬೆಲ್ಟಿಗೆ ಬಿಳಿ ಬೂಷ್ಟು ಹಿಡಿಯಿತು. ಮಣ್ಣು ತೆಗೆಸಿದಾಗ ಕಾರಣ ಕಂಡಿತು: ಶೀತ ಮೇಲೇರದಂತೆ ತಳಪಾಯದ ಮೇಲೆ ಹಾಕಿದ್ದ ಕಾಂಕ್ರೀಟ್ ಪಟ್ಟಿಯೇ ಹೂತುಹೋಗಿ, ಅದರ ಮೇಲಿನ ಇಟ್ಟಿಗೆಗೆ ಹಸಿ ಮಣ್ಣು ನೇರವಾಗಿ ತಾಗಿತ್ತು.

ಆದ್ದರಿಂದ ಮೊದಲು ಹೊರಗಿನ ಮಣ್ಣನ್ನು ಒಳಗಿನ ನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗಿಳಿಸಿ. ಅಂಗಳವು ಗೋಡೆಯಿಂದ ಹತ್ತು ಅಡಿ ದೂರ ಹೋಗುವಷ್ಟರಲ್ಲಿ ಆರು ಇಂಚು ಇಳಿಯಬೇಕು. ಹಿಂದೆ ಅಷ್ಟು ಜಾಗವಿಲ್ಲದಿದ್ದರೆ ಮನೆಗೂ ಬರೆಗೂ ನಡುವೆ ಕಲ್ಲು ಕಟ್ಟಿದ ಚರಂಡಿಯಾದರೂ ಇರಲಿ. ಸೂರಿನ ನೀರು ಬೀಳುವ ಸಾಲಿಗೆ ದಪ್ಪ ಜಲ್ಲಿ ಹಾಸಿದರೆ ಕೆಸರು ಗೋಡೆಗೆ ಸಿಡಿಯುವುದಿಲ್ಲ. ಬರೆಯ ತಲೆಯ ಮೇಲೊಂದು ಕಣಿ ತೆಗೆಸಿ, ಮೇಲಿನಿಂದ ಹರಿದು ಬರುವ ನೀರನ್ನು ಪಕ್ಕಕ್ಕೆ ತಿರುಗಿಸಿ ತೋಡಿಗೆ ಬಿಡಿ. ಅಲ್ಲಿ ಇಂಗುಗುಂಡಿ ಮಾತ್ರ ಬೇಡವೇ ಬೇಡ. ಚರಂಡಿಗೆಂದು ಬರೆಯ ಬುಡವನ್ನು ಕಡಿಯಲೂಬಾರದು. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಹೇಗೆ ಜಾರಿದವು ಎಂಬುದನ್ನು ನಾನು ನಿಮಗೆ ನೆನಪಿಸಬೇಕಾಗಿಲ್ಲ.

ಗಿಡಗಳ ಸರದಿ ಇದರ ನಂತರದ್ದು. ಬರೆಯ ಮೈಗೆ ಲಾವಂಚವನ್ನು ಅಡ್ಡ ಸಾಲುಗಳಲ್ಲಿ ನೆಡಿ, ಅದರ ಬೇರು ಮಣ್ಣನ್ನು ಹಿಡಿಯುತ್ತದೆ. ಕೆಸ, ಕಾಬಾಳೆಗಳಿಗೆ ಚರಂಡಿ ಕೊನೆಗೊಳ್ಳುವ ಜಾಗ ಸರಿ. ಗೋಡೆಯಿಂದ ಮೂರು ಅಡಿಯವರೆಗೆ ಏನೂ ಬೇಡ. ಮಳೆ ಬಿಟ್ಟ ಮೇಲೆ ಗೋಡೆಗೆ ಗಾಳಿ, ಬಿಸಿಲು ತಾಗುವಂತೆ ಅಡ್ಡ ಬರುವ ಕೊಂಬೆಗಳನ್ನಷ್ಟೇ ಸವರಿಸಿ. ನೆಲದಿಂದಲೇ ಜಲ ಒಡೆಯುತ್ತಿದ್ದರೆ ಇದಿಷ್ಟು ಸಾಲದು, ಜಲ್ಲಿಯೊಳಗೆ ತೂತಿನ ಪೈಪು ಹೂಳಿಸಬೇಕಾಗುತ್ತದೆ.

ಮಣ್ಣಿನ ಕೆಲಸವನ್ನು ಏಪ್ರಿಲ್‌ನೊಳಗೆ ಮುಗಿಸಿ, ಜೂನ್‌ನ ಮೊದಲ ಜೋರು ಮಳೆಯಲ್ಲಿ ಕೊಡೆ ಹಿಡಿದು ಹಿತ್ತಲಲ್ಲಿ ನಿಲ್ಲಿ. ನೀರು ಎಲ್ಲಿ ತಂಗುತ್ತದೆಯೋ ಅಲ್ಲಿ ಒಂದು ಗೂಟ ಹೊಡೆದಿಟ್ಟರೆ, ಮಳೆ ಹೊಳವಾದಾಗ ಇಳಿಜಾರನ್ನು ಸರಿಪಡಿಸಬಹುದು.