ಘಾಟಿಯಲ್ಲಿ 18 ಕಾರು ಒಟ್ಟಿಗೆ ಹೋಗುವಾಗ ಹೇಗೆ ಓಡಿಸಬೇಕು?

ನಿಮ್ಮ ಪ್ರಶ್ನೆ ಇಷ್ಟು: ನಿಮ್ಮ ಕಾರ್ ಗ್ರೂಪಿನವರು 18 ಕಾರುಗಳಲ್ಲಿ ಬೆಂಗಳೂರಿಂದ ಹೊರಟು, ಹಾಸನ, ಬೇಲೂರು, ಮೂಡಿಗೆರೆ ದಾಟಿ, ಚಾರ್ಮಾಡಿ ಘಾಟಿ ಇಳಿದು ಉಜಿರೆ ಸೇರಬೇಕು. ಹೆಚ್ಚೂಕಡಿಮೆ ಅರ್ಧ ಜನ ಘಾಟಿಯಲ್ಲಿ ಗಾಡಿ ಓಡಿಸಿದವರೇ ಅಲ್ಲ. ಯಾರಿಗೂ ಏನೂ ಆಗಬಾರದು, ದಾರಿಯಲ್ಲಿ ಊರಿನವರಿಂದ ಬೈಸಿಕೊಳ್ಳಲೂಬಾರದು.

ನಾನು ಎರಡೂ ಕಡೆಯವನು. ಹುಟ್ಟಿ ಬೆಳೆದದ್ದು ಇದೇ ದಾರಿಯಲ್ಲಿರುವ ಬಣಕಲ್ ಹತ್ತಿರ. ಶನಿವಾರ ಭಾನುವಾರ ಬೆಂಗಳೂರು ಗಾಡಿಗಳು ಸಾಲಾಗಿ ಬಂದರೆ ರಸ್ತೆ ದಾಟೋಕೆ ಹತ್ತು ನಿಮಿಷ ಕಾಯುತ್ತಿದ್ದ ಮನೆಯವನು. ಈಗ ಕೆಲಸ ಬೆಂಗಳೂರಲ್ಲಿ. ನಿಮ್ಮಂಥದ್ದೇ ಒಂದು ಗ್ರೂಪಿನ ಜತೆ ವರ್ಷಕ್ಕೆ ಎರಡು ಮೂರು ಸಲ ಘಾಟಿ ಕಡೆ ಹೋಗುತ್ತೇನೆ. ಕೊನೆಯ ಕಾರು ಸಾಮಾನ್ಯವಾಗಿ ನನ್ನದೇ. ಹಾಗಾಗಿ ಎಲ್ಲರ ತಪ್ಪೂ ನನಗೆ ಚೆನ್ನಾಗಿ ಕಾಣುತ್ತದೆ.

ಮೊದಲೇ ಹೇಳಿಬಿಡುತ್ತೇನೆ. 18 ಕಾರು ಒಂದೇ ಸಾಲಿನಲ್ಲಿ ಘಾಟಿ ಇಳಿಯಬೇಡಿ. ಗ್ರೂಪ್ ಡ್ರೈವ್‌ನಲ್ಲಿ ಅಪಾಯ ಬರುವುದು ಬರೀ ಸ್ಪೀಡಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಅದಕ್ಕಿಂತ ದೊಡ್ಡ ತಲೆನೋವು ‘ನಾನೊಬ್ಬನೇ ಹಿಂದೆ ಉಳಿದುಬಿಟ್ಟರೆ’ ಅನ್ನುವ ಭಯ. ಮನೆಯವರ ಜತೆ ಹೋಗುವಾಗ ಸಮಾಧಾನವಾಗಿ ಓಡಿಸುವ ಮನುಷ್ಯ, ಗ್ರೂಪಲ್ಲಿ ಹದಿನೈದನೇ ಕಾರಾದ ತಕ್ಷಣ ಬೇರೆಯೇ ಆಗಿಬಿಡುತ್ತಾನೆ.

ಯಾಕೆ ಅಂದರೆ, ಮೊದಲ ಕಾರು ತಿರುವು ದಾಟಿ ನೇರ ರಸ್ತೆಗೆ ಬಂದು 40ಕ್ಕೆ ಏರಿಸುವ ಹೊತ್ತಿಗೆ ಹತ್ತನೇ ಕಾರು ಅದೇ ತಿರುವಿಗೆ ಇನ್ನೂ ಬ್ರೇಕ್ ಹಿಡಿಯುತ್ತಿರುತ್ತದೆ. ನಡುವಿನ ಅಂತರ ರಬ್ಬರ್ ಬ್ಯಾಂಡ್ ಹಾಗೆ ಹಿಗ್ಗುತ್ತದೆ. ಮುಂದಿನವನ ಕೆಂಪು ಲೈಟು ಕಾಣೆಯಾಗುತ್ತದೆ. ಆಗ ಹಿಂದಿನವನು ಒಂದಿಷ್ಟು ಜೋರಾಗಿ ಒತ್ತುತ್ತಾನೆ, ಅವನ ಹಿಂದಿನವನು ಇನ್ನೊಂದಿಷ್ಟು. ಮುಂದೆ ಹೋಗುವವನು ‘ನಾನು 40 ದಾಟಲೇ ಇಲ್ಲ’ ಅಂತ ಆಣೆ ಹಾಕುತ್ತಾನೆ, ಅದು ನಿಜವೇ. ಕೊನೆಯವನು ಅದೇ ರಸ್ತೆಯಲ್ಲಿ 60 ಮುಟ್ಟಿರುತ್ತಾನೆ. 40ರಲ್ಲಿ ಕಾರು ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ, 60ರಲ್ಲಿ ಹೆಚ್ಚೂಕಡಿಮೆ 17 ಮೀಟರ್. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರವಂತೂ ಎರಡು ಪಟ್ಟಿಗಿಂತ ಜಾಸ್ತಿ. ಅದೂ ಒಣ ರಸ್ತೆಯಲ್ಲಿ.

ಇದು ನನಗೆ ಆಗುಂಬೆಯಲ್ಲಿ ಗೊತ್ತಾಯಿತು. ಗ್ರೂಪ್ ಸೇರಿದ ಹೊಸತು. ಹನ್ನೆರಡು ಕಾರು ಸೋಮೇಶ್ವರದ ಕಡೆ ಇಳಿಯುತ್ತಿದ್ದೆವು, ನಾನು ಹತ್ತನೆಯವನು. ಆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ರಸ್ತೆ ಕಿರಿದು, ದೊಡ್ಡ ಲಾರಿ ಬಿಡುವುದಿಲ್ಲ, ಬಸ್ಸೂ ಮಿನಿ ಬಸ್ಸೇ. ನಮ್ಮ ಮುಂದೆ ಒಂದು ಆಟೋ ನಿಧಾನವಾಗಿ ಇಳಿಯುತ್ತಿತ್ತು. ನನ್ನ ಮುಂದಿನ ಕಾರು ಅದನ್ನು ಹಿಂದೆ ಹಾಕಿ ಹೋಯಿತು. ಅವನು ಹೋದ ಅಂದಮೇಲೆ ರಸ್ತೆ ಖಾಲಿ ಅಂತ ನಾನೂ ನುಗ್ಗಿದೆ. ತಿರುವಿನಿಂದ ಮಿನಿ ಬಸ್ಸಿನ ಮೂತಿ ಕಾಣಿಸಿತು.

ಇಬ್ಬರೂ ನಿಂತೆವು. ನಡುವೆ ಒಂದು ಬೈಕು ಹಿಡಿಸುವಷ್ಟು ಜಾಗ ಇತ್ತೇನೋ. ಬಸ್ಸು ಹತ್ತುವ ಗಾಡಿ, ದಾರಿ ಅದರದ್ದು. ಹಿಂದೆ ಸರಿಯಬೇಕಾದವನು ನಾನು. ಆದರೆ ಹೇಗೆ ಸರಿಯಲಿ? ನನ್ನ ಬಂಪರಿಗೆ ಅಂಟಿಕೊಂಡು ನಮ್ಮದೇ ಗ್ರೂಪಿನ ಇನ್ನೆರಡು ಕಾರು ನಿಂತಿದ್ದವು. ಪಕ್ಕದಲ್ಲಿ ಆಟೋ. ಕೊನೆಗೆ ಕಂಡಕ್ಟರ್ ಇಳಿದು, ಹಿಂದಿನ ಚಕ್ರದ ಹತ್ತಿರ ಒಂದು ಮರದ ತುಂಡು ಹಿಡಿದು ನಿಂತು, ಸೀಟಿ ಊದಿ ಊದಿ, ತುಂಬಿದ ಬಸ್ಸನ್ನು ಇಳಿಜಾರಿನಲ್ಲಿ ಹಿಂದಕ್ಕೆ ಬಿಡಿಸಿದರು. ಕಿಟಕಿಯಲ್ಲಿ ಒಬ್ಬ ಹುಡುಗ ನಮ್ಮ ಕಾರುಗಳನ್ನು ಜೋರಾಗಿ ಎಣಿಸುತ್ತಿದ್ದ. ನಾನು ಪಕ್ಕದಲ್ಲಿ ಹಾದುಹೋಗುವಾಗ ಕಂಡಕ್ಟರ್ ಸಿಟ್ಟಿಲ್ಲದೆ ಕೇಳಿದರು, “ಎಂತ ಮಾರಾಯ್ರೆ, ಮುಂದಿನವರು ಹೋದ್ರು ಅಂತ ನೀವೂ ಬರೋದಾ?” ಬೈದಿದ್ದರೆ ಮರೆತುಹೋಗುತ್ತಿತ್ತು.

ಅದಕ್ಕೇ ಈಗ ನಾವು ಮಾಡುವುದು ಹೀಗೆ. ಸೇರುವುದು ಒಟ್ಟಿಗೆ, ಓಡಿಸುವುದು ಬಿಡಿಬಿಡಿಯಾಗಿ. ನಿಮ್ಮ 18 ಕಾರನ್ನು ನಾಲ್ಕು, ನಾಲ್ಕು, ನಾಲ್ಕು, ಮೂರು, ಮೂರು ಅಂತ ಐದು ತಂಡ ಮಾಡಿ. ಘಾಟಿಯ ತಲೆಯಲ್ಲಿರುವ ಕೊಟ್ಟಿಗೆಹಾರದಿಂದ ಒಂದು ತಂಡ ಹೊರಟ ಹತ್ತು ನಿಮಿಷಕ್ಕೆ ಇನ್ನೊಂದು. ಮೊದಲ ತಂಡ ಮತ್ತು ಕೊನೆ ತಂಡದ ನಡುವೆ 40 ನಿಮಿಷ ಆಗುತ್ತದೆ, ಆಗಲಿ ಬಿಡಿ. ಪ್ರತಿ ತಂಡದಲ್ಲಿ ಮುಂದೆ ಒಬ್ಬ, ಕೊನೆಗೊಬ್ಬ ಘಾಟಿ ಗೊತ್ತಿರುವವರು ಇರಲಿ. ಹೊಸಬರು ನಡುವೆ, ಅವರಲ್ಲೂ ತೀರಾ ಹೊಸಬರು ಮುಂದಿನವರ ಹಿಂದೆಯೇ. ಅವರ ವೇಗವೇ ಆ ತಂಡದ ವೇಗ. ಗ್ರೂಪಿನಲ್ಲಿ ಅತಿ ಒಳ್ಳೆ ಡ್ರೈವರ್ ಅನ್ನಿಸಿಕೊಂಡವನನ್ನು ಮುಂದೆ ಹಾಕುವ ಅಭ್ಯಾಸ ಎಲ್ಲ ಕಡೆ ಇದೆ. ನನ್ನ ಪ್ರಕಾರ ಅವನನ್ನು ಹಿಂದೆ ಹಾಕಬೇಕು.

ಇನ್ನೊಂದು ನಿಯಮ. ಮುಂದಿನ ಕಾರನ್ನು ಬೆನ್ನಟ್ಟುವುದು ಯಾರ ಕೆಲಸವೂ ಅಲ್ಲ. ಪ್ರತಿಯೊಬ್ಬರೂ ತಮ್ಮ ಹಿಂದಿನ ಕಾರಿಗೆ ಜವಾಬ್ದಾರಿ. ರಸ್ತೆ ಕವಲೊಡೆಯುವ ಕಡೆ, ಹಿಂದಿನವರು ಕಾಣುವವರೆಗೆ ಬದಿಗೆ ನಿಂತು ಕಾಯಬೇಕು. ಕೊಟ್ಟಿಗೆಹಾರದಲ್ಲಿ ಒಂದು ದಾರಿ ಕಳಸ, ಹೊರನಾಡಿಗೆ ಹೋಗುತ್ತದೆ, ಒಂದು ಘಾಟಿಗೆ. ಅಲ್ಲಿ ತಪ್ಪುವುದು ಸುಲಭ. ಅದು ದಾಟಿ ಘಾಟಿಗೆ ಬಿದ್ದ ಮೇಲೆ ದಾರಿ ತಪ್ಪುವ ಮಾತೇ ಇಲ್ಲ. ಕಾಯುವವರು ಇದ್ದಾರೆ ಅಂತ ಗೊತ್ತಿದ್ದರೆ ಯಾರೂ ಕಣ್ಣು ಮುಚ್ಚಿ ಓವರ್‌ಟೇಕ್ ಮಾಡುವುದಿಲ್ಲ. ಇದೊಂದನ್ನು ಹೊರಡುವ ಮುಂಚೆ ಎರಡು ಸಲ ಹೇಳಿ.

ಇನ್ನು ಇಳಿಯುವ ವಿಷಯ. ಹಳೇ ಡ್ರೈವರುಗಳು ಹೇಳುವ ಲೆಕ್ಕ ಈಗಲೂ ಸರಿಯೇ: ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳಿಯಿರಿ. ಎರಡನೇ ಗೇರು ಹಾಕಿದರೆ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ನಾಲ್ಕನೇ ಗೇರಲ್ಲಿ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡು ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಹಿಡಿತ ಸಿಗುವುದಿಲ್ಲ. ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಸುಮ್ನೆ ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ. ಆಟೋಮ್ಯಾಟಿಕ್ ಗಾಡಿಯವರು ಇಲ್ಲೇ ಎಡವುವುದು. ‘ಡಿ’ ಹಾಕಿ ಕೂತುಬಿಡುತ್ತಾರೆ. ಕಡಿಮೆ ಗೇರಲ್ಲಿ ಇಳಿಯಲು ನಿಮ್ಮ ಗಾಡಿಯಲ್ಲಿ ‘ಎಲ್’ ಇದೆಯೋ, ‘ಎಸ್’ ಇದೆಯೋ, ಮ್ಯಾನ್ಯುಯಲ್ ಮೋಡ್ ಇದೆಯೋ ಅಂತ ಮನೆಯಲ್ಲೇ ನೋಡಿಕೊಂಡು ಬನ್ನಿ. ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಮಾತು: ಬ್ಯಾಟರಿ ಪೂರ್ತಿ ತುಂಬಿದ್ದರೆ ಇಳಿಯುವಾಗ ರೀಜೆನ್, ಅಂದರೆ ಮೋಟಾರೇ ಕಾರನ್ನು ಹಿಡಿದು ಬ್ಯಾಟರಿ ತುಂಬಿಸುವುದು, ಸರಿಯಾಗಿ ಸಿಗುವುದಿಲ್ಲ. ಘಾಟಿಯ ತಲೆಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಇಳಿಯಬೇಡಿ.

ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುವವರು ಇನ್ನೂ ಇದ್ದಾರೆ. ಈಗಿನ ಗಾಡಿಗಳಲ್ಲಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಎಂಜಿನ್ನಿಗೆ ಇಂಧನ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲೇ ಖರ್ಚು ಜಾಸ್ತಿ!

ತಿರುವಿನಲ್ಲಿ ಬ್ರೇಕ್ ಹಿಡಿಯುವುದಲ್ಲ, ತಿರುವಿಗೆ ಮುಂಚೆ ವೇಗ ಇಳಿಸುವುದು. ಮರದ ನೆರಳಲ್ಲಿ ಒದ್ದೆ ಎಲೆ, ಪಾಚಿ ಇರುತ್ತದೆ. ಬಿಸಿಲಲ್ಲಿ ಒಣಗಿದ ರಸ್ತೆ ನೋಡಿ ಮೋಸ ಹೋಗಬೇಡಿ. ಕಾಣದ ತಿರುವಿನಲ್ಲಿ ಒಂದು ಸಲ ಹಾರ್ನ್ ಮಾಡಿ. ಒಂದೇ ಸಲ ಸಾಕು, 18 ಕಾರಿನವರೂ ಹೊಡೆಯುತ್ತಲೇ ಇದ್ದರೆ ಅದು ಮದುವೆ ದಿಬ್ಬಣ ಆಗುತ್ತದೆ. ಎದುರಿಂದ ಬಸ್ಸೋ ಲಾರಿಯೋ ಬರುತ್ತಿದ್ದರೆ ತಿರುವಿಗೆ ಹೋಗಲೇಬೇಡಿ, ಮೇಲೆಯೇ ನಿಂತುಬಿಡಿ. ಉದ್ದ ಗಾಡಿ ತಿರುಗುವಾಗ ಮೂತಿ ಹೊರಗೆ ಹೋಗುತ್ತದೆ, ಹಿಂದಿನ ಚಕ್ರ ಒಳಗೆ ಕತ್ತರಿಸುತ್ತದೆ. ಅದಕ್ಕೆ ರಸ್ತೆ ಪೂರ್ತಿ ಬೇಕು. ‘ಒಳಗಡೆ ಜಾಗ ಇದೆ’ ಅಂತ ನಿಮಗೆ ಕಾಣುವ ಜಾಗ ಆ ಚಕ್ರದ್ದು. ಎರಡು ಗಾಡಿ ಸಲೀಸಾಗಿ ಹಾಯದಷ್ಟು ಕಿರಿದಾದ ಕಡೆ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು ಅನ್ನುವುದು ಬರೀ ಮರ್ಯಾದೆಯಲ್ಲ, ರಸ್ತೆ ನಿಯಮದಲ್ಲೇ ಇದೆ. ತುಂಬಿದ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತುವುದು ಎಷ್ಟು ಕಷ್ಟ ಅಂತ ಒಂದು ಸಲ ಓಡಿಸಿದವರಿಗೆ ಗೊತ್ತು.

ಹಿಂದೆ ಯಾರಾದರೂ ಅವಸರದಲ್ಲಿ ಇದ್ದರೆ ಅಗಲವಾದ ಕಡೆ ಎಡಕ್ಕೆ ಸರಿದು ಬಿಟ್ಟುಬಿಡಿ. ನಾಲ್ಕು ಕಾರಿನ ತಂಡದ ನಡುವೆ ಒಂದೊಂದು ಗಾಡಿ ನುಸುಳುವಷ್ಟು ಜಾಗವೂ ಇರಲಿ. ಮೂಡಿಗೆರೆ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಆಂಬುಲೆನ್ಸ್ ಇಳಿಯುವುದು ಇದೇ ಘಾಟಿಯಲ್ಲಿ. ನಿಮಗೆ ಇದು ವೀಕೆಂಡ್ ಡ್ರೈವ್, ಅಲ್ಲಿಯವರಿಗೆ ಹತ್ತಿರದ ದಾರಿ ಇದೊಂದೇ. ನಮ್ಮೂರಿನವರ ಬೈಗುಳದಲ್ಲಿ ಅರ್ಧ ಇದೇ ಕಾರಣಕ್ಕೆ.

ಉಳಿದರ್ಧ ಕೊಟ್ಟಿಗೆಹಾರದಲ್ಲಿ ಹುಟ್ಟುತ್ತದೆ. ನೀರುದೋಸೆಗೆ ಹೆಸರಾದ ಜಾಗ, ನಿಲ್ಲಿಸದೆ ಹೋಗಿ ಅನ್ನುವುದಿಲ್ಲ. ಆದರೆ 18 ಕಾರು ಒಂದೇ ಹೋಟೆಲಿನ ಮುಂದೆ ಎರಡು ಸಾಲಾಗಿ ನಿಂತರೆ ಬಸ್ಸು ತಿರುಗುವುದೆಲ್ಲಿ? ಹಿಂದಿನ ದಿನವೇ ಫೋನ್ ಮಾಡಿ ಇಷ್ಟು ಜನ ಬರುತ್ತೇವೆ ಅಂತ ಹೇಳಿದರೆ ಹೋಟೆಲಿನವರೇ ಎಲ್ಲಿ ನಿಲ್ಲಿಸಬೇಕು ಅಂತ ಹೇಳುತ್ತಾರೆ. ತಂಡ ತಂಡವಾಗಿ ಬಂದರೆ ದೋಸೆಯೂ ಬಿಸಿಯಾಗಿ ಸಿಗುತ್ತದೆ. ಬೆಳಗ್ಗೆ ಆರು ಗಂಟೆಗೆ ಬಾನೆಟ್ ತೆರೆದು ಸೈಲೆನ್ಸರ್ ಸದ್ದು ಕೇಳಿಸುವ ಕಾರ್ಯಕ್ರಮ ಮಾತ್ರ ಬೇಡ. ಡಿಸೆಂಬರ್, ಜನವರಿಯಲ್ಲಿ ಹೋಗುವುದಾದರೆ ಕಾಫಿ ಕೊಯ್ಲಿನ ಕಾಲ. ಬೆಳಗ್ಗೆ ಎಂಟರ ಸುಮಾರಿಗೆ ತೋಟಕ್ಕೆ ಹೋಗುವವರು ರಸ್ತೆ ಅಂಚಿನಲ್ಲೇ ಸಾಲಾಗಿ ನಡೆಯುತ್ತಿರುತ್ತಾರೆ, ಜನ ತುಂಬಿದ ಪಿಕಪ್ಪುಗಳು ಎಸ್ಟೇಟ್ ಗೇಟಿನಿಂದ ದಿಢೀರಂತ ಹೊರಗೆ ಬರುತ್ತವೆ.

ಫೋಟೋ ತೆಗೆಯಿರಿ, ಬೇಡ ಅನ್ನುವುದಿಲ್ಲ. ತಿರುವಿನಲ್ಲಿ, ತಡೆಗೋಡೆಗೆ ಒರಗಿಸಿ ಕಾರು ನಿಲ್ಲಿಸಬೇಡಿ ಅಷ್ಟೆ. ಕೋತಿಗೆ ಬಿಸ್ಕತ್ತು ಹಾಕಬೇಡಿ. ಹಾಕಿದ್ದಕ್ಕೇ ಅವು ರಸ್ತೆ ನಡುವೆ ಕೂರುವುದು ಕಲಿತಿವೆ. ಈಚೆಗೆ ಆನೆಯೂ ಕಾಣಿಸಿಕೊಳ್ಳುತ್ತಿದೆ, ಕಂಡರೆ ದೂರದಲ್ಲೇ ನಿಂತು ಹಿಂದಿನವರಿಗೆ ತಿಳಿಸಿ, ಹಾರ್ನ್ ಬೇಡ. ಮಂಜು ಕವಿದರೆ ಲೋ ಬೀಮ್ ಹಾಕಿ. ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸಬೇಡಿ, ನೀವು ಯಾವ ಕಡೆ ತಿರುಗುತ್ತೀರಿ ಅಂತ ಹಿಂದಿನವರಿಗೆ ಗೊತ್ತಾಗುವುದಿಲ್ಲ. ಅದು ನಿಂತ ಗಾಡಿಗೆ. ಘಾಟಿ ನಡುವೆ ಅಣ್ಣಪ್ಪಸ್ವಾಮಿ ಗುಡಿ ಇದೆ, ಡ್ರೈವರುಗಳು ನಿಲ್ಲಿಸಿ ಕೈಮುಗಿದು ಹೋಗುತ್ತಾರೆ. ನೀವೂ ನಿಲ್ಲಿಸಿ. ದೇವರ ನಂಬಿಕೆ ಇಲ್ಲದಿದ್ದರೂ ಬ್ರೇಕಿಗೆ ಐದು ನಿಮಿಷ ವಿಶ್ರಾಂತಿ ಸಿಗುತ್ತದೆ.

ಪ್ರತಿ ಗ್ರೂಪಲ್ಲೂ ‘ಎಷ್ಟು ನಿಮಿಷದಲ್ಲಿ ಇಳಿದೆ ಗೊತ್ತಾ’ ಅನ್ನುವವನು ಒಬ್ಬ ಇರುತ್ತಾನೆ. ನಿಮ್ಮಲ್ಲೂ ಇರುತ್ತಾನೆ, ಅಲ್ವಾ? ಅವನಿಗೆ ಮೊದಲೇ ಹೇಳಿ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ನಿನಲ್ಲಿ ಅನುಮತಿ ಇಲ್ಲದೆ ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೇಳದಿದ್ದರೆ ಮುಂದಿನ ಸಲ ಕರೆಯಬೇಡಿ. ನಾವು ಇಬ್ಬರನ್ನು ಬಿಟ್ಟಿದ್ದೇವೆ. ಒಬ್ಬ ನನ್ನ ಸ್ನೇಹಿತನೇ. ಈಗಲೂ ಮಾತಾಡುತ್ತಾನೆ, ಸ್ವಲ್ಪ ಕಮ್ಮಿ.

ಮಳೆಗಾಲದಲ್ಲಿ ಹೋಗುತ್ತೀರೋ ಇಲ್ಲವೋ ಬರೆದಿಲ್ಲ. ಹೊಸಬರು ಇಷ್ಟು ಜನ ಇರುವಾಗ ಜುಲೈ, ಆಗಸ್ಟ್ ಬೇಡ ಅಂತಲೇ ನನ್ನ ಸಲಹೆ. 2019ರ ಆಗಸ್ಟಿನಲ್ಲಿ ಇದೇ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. ಅಕ್ಟೋಬರ್ ಕೊನೆಗೆ ಹೋಗಿ, ಹಸಿರೂ ಇರುತ್ತದೆ, ನೀರೂ ಇರುತ್ತದೆ. ಮತ್ತೆ, ಎಲ್ಲರ ಫೋನ್ ನಂಬರನ್ನು ಒಂದು ಹಾಳೆಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ 18 ಕಾರಿಗೂ ಒಂದೊಂದು ಕೊಡಿ. ಉಜಿರೆಯಲ್ಲಿ ಯಾವ ಹೋಟೆಲಿನಲ್ಲಿ ಕಾಯುತ್ತೀರಿ ಅನ್ನುವುದನ್ನೂ ಅದರಲ್ಲೇ ಬರೆಯಿರಿ. ಘಾಟಿ ನಡುವೆ ನೆಟ್‌ವರ್ಕ್ ನಂಬಿಕೊಂಡು ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸುತ್ತೇನೆ ಅಂದವರನ್ನು ನಾನು ಒಂದೂವರೆ ಗಂಟೆ ಹುಡುಕಿದ್ದೇನೆ. ಅವರು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದರು.